ಹಳೆಯದು ಮುಂದೆ, ಹೊಸದು ಹಿಂದೆ

ಕಳೆದ ತಿಂಗಳ ಒಂದು ಭಾನುವಾರ. ತಿಂಡಿ ಮುಗಿಸಿ ಪತ್ರಿಕೆ ಬಿಚ್ಚುವಷ್ಟರಲ್ಲಿ ಮನೆಯಾಕೆ ಒಂದು ಕೈಗೆ ಚೀಲ, ಇನ್ನೊಂದು ಕೈಗೆ ಚೀಟಿ ಕೊಟ್ಟು ಸೂಪರ್ ಮಾರ್ಕೆಟ್ಟಿಗೆ ಕಳುಹಿಸಿದಳು. ಸಂಜೆಗೆ ಮಗಳು-ಅಳಿಯ ಬರುವವರಿದ್ದರು. ಚೀಟಿಯಲ್ಲಿದ್ದದ್ದು ನಾಲ್ಕೇ ಸಾಮಾನು: ರವೆ ಇಡ್ಲಿ ಮಿಕ್ಸ್, ಪನೀರ್, ಕೊಬ್ಬರಿ ಎಣ್ಣೆ, ಬಟ್ಟೆ ಸೋಪು.

ವಿಜ್ಞಾನದ ಮೇಷ್ಟರುಗಳಿಗೆ ಒಂದು ಚಾಳಿ ಇರುತ್ತದೆ. ಏನು ಕೈಗೆ ಸಿಕ್ಕಿದರೂ ಅದರ ಮೇಲೆ ಬರೆದಿರುವುದನ್ನೆಲ್ಲ ಓದುವುದು. ನಾನೂ ಕನ್ನಡಕವನ್ನು ಹಣೆಗೇರಿಸಿ, ಇಡ್ಲಿ ಮಿಕ್ಸಿನ ಪೊಟ್ಟಣವನ್ನು ಕಣ್ಣಿನ ಹತ್ತಿರ ಹಿಡಿದು ತಾರೀಖು ಹುಡುಕಿದೆ. ಅವಧಿ ಮುಗಿದು ಮೂರು ವಾರವಾಗಿತ್ತು. ಫ್ರಿಜ್ಜಿನಲ್ಲಿದ್ದ ಪನೀರ್ ತೆಗೆದು ನೋಡಿದೆ. ಅದಕ್ಕೆ ಮುಗಿದು ನಾಲ್ಕು ದಿನ!

ಪಕ್ಕದಲ್ಲಿ ಸಾಮಾನು ಜೋಡಿಸುತ್ತಿದ್ದ ಹುಡುಗನಿಗೆ ತೋರಿಸಿದೆ. "ಅದೇನೂ ಆಗಲ್ಲ ಅಂಕಲ್, ಹಿಂದೆ ಹೊಸದಿದೆ ತಗೊಳಿ" ಎಂದವನೇ ಹಳೆಯ ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲಿದ್ದ ಜಾಗದಲ್ಲೇ ಇಟ್ಟ. ಬಿಲ್ ಕೌಂಟರಿನಲ್ಲಿ ಪನೀರಿನ ಮಾತು ಎತ್ತಿದೆ. "ನೀವು ಬೇರೆ ತಗೊಂಡಿದ್ದೀರಲ್ಲ ಸಾರ್, ಅದನ್ನ ಆಮೇಲೆ ನೋಡ್ತೀವಿ" ಎಂದು ಉತ್ತರ ಬಂತು. ನನ್ನ ಹಿಂದೆ ಐದಾರು ಜನ ನಿಂತಿದ್ದರು. ನಾನೂ ದುಡ್ಡು ಕೊಟ್ಟು ಮನೆಗೆ ಬಂದೆ.

ಬಂದದ್ದೇನೋ ಸರಿ, ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ನನಗೆ ಹೊಸ ಪನೀರ್ ಸಿಕ್ಕಿತು. ಹಳೆಯದು ಅಲ್ಲೇ ಉಳಿಯಿತು. ಸಣ್ಣ ಅಕ್ಷರ ಕಾಣದ ಒಬ್ಬ ಅಜ್ಜಿಯೋ, ಇಂಗ್ಲಿಷ್ ಓದಲಾರದ ಒಬ್ಬ ತಾಯಿಯೋ ಅದನ್ನು ಕೊಂಡುಹೋಗುತ್ತಾರೆ. ಹಾಗಾದರೆ ನಾನು ಮಾಡಿದ್ದೇನು? ಅಪಾಯವನ್ನು ನನ್ನ ಚೀಲದಿಂದ ಇನ್ನೊಬ್ಬರ ಚೀಲಕ್ಕೆ ದಾಟಿಸಿದೆ, ಅಷ್ಟೇ.

ಮಕ್ಕಳು ತಂದ ಉತ್ತರಗಳು

ಮಾರನೆಯ ದಿನ ಒಂಬತ್ತನೆಯ ತರಗತಿಯಲ್ಲಿ ಈ ವಿಷಯ ಹೇಳಿದೆ. "ನಮ್ಮನೇಲೂ ಹಿಂಗೇ ಆಗಿತ್ತು ಸಾರ್" ಎಂದು ಅರ್ಧ ತರಗತಿ ಕೈ ಎತ್ತಿತು. ಸರಿ, ಒಂದು ಕೆಲಸ ಕೊಟ್ಟೆ. ಈ ವಾರ ಅಪ್ಪ-ಅಮ್ಮನ ಜೊತೆ ಅಂಗಡಿಗೆ ಹೋದಾಗ ಹತ್ತು ಪೊಟ್ಟಣಗಳ ತಾರೀಖು ನೋಡಿ. ಅವಧಿ ಮೀರಿದ್ದು ಸಿಕ್ಕಿದರೆ ಅಂಗಡಿಯವರಿಗೆ ತಿಳಿಸಿ. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು ಬನ್ನಿ.

ಶನಿವಾರದ ಹೊತ್ತಿಗೆ ನಾಲ್ಕು ಅಂಗಡಿಗಳಿಂದ ಎಂಟು ಪೊಟ್ಟಣಗಳ ಸುದ್ದಿ ಬಂತು. ಬ್ರೆಡ್ಡು, ಮಜ್ಜಿಗೆ, ಬಿಸ್ಕತ್ತು, ಚಿಪ್ಸ್ ಇತ್ಯಾದಿ. ಆದರೆ ಪೊಟ್ಟಣಗಳಿಗಿಂತ ಸ್ವಾರಸ್ಯವಾಗಿದ್ದದ್ದು ಅಂಗಡಿಯವರ ಉತ್ತರಗಳು. ಅವನ್ನು ಕಪ್ಪು ಹಲಗೆಯ ಮೇಲೆ ವರ್ಗೀಕರಿಸಿದೆವು.

ಒಂದು, "ಏನೂ ಆಗಲ್ಲ, ನಾವೂ ತಿಂತೀವಿ." ಎರಡು, "ನಂಗೊತ್ತಿಲ್ಲ, ಮ್ಯಾನೇಜರ್ ಊಟಕ್ಕೆ ಹೋಗಿದಾರೆ." ಮೂರು, "ನಿನ್ನ ಯಾರು ಕಳಿಸಿದ್ದು? ಯಾವ ಸ್ಕೂಲು?" ನಾಲ್ಕು, "ಬೇಕಾದ್ರೆ ಅರ್ಧ ರೇಟಿಗೆ ತಗೊಂಡ್ಹೋಗಿ." ಐದನೆಯ ಉತ್ತರ ಕೊಟ್ಟವರು ಒಬ್ಬರೇ. ಬಡಾವಣೆಯ ಚಿಕ್ಕ ಅಂಗಡಿಯ ಯಜಮಾನರು. "ಒಳ್ಳೇದು ಮಾಡ್ದೆ ಪುಟ್ಟ" ಎಂದು ಪೊಟ್ಟಣವನ್ನು ಒಳಗಿಟ್ಟು, ಆ ಇಡೀ ಸಾಲನ್ನು ತಾವೇ ತೆಗೆದು ಪರೀಕ್ಷಿಸಿದರಂತೆ.

ನಾಲ್ಕನೆಯ ಉತ್ತರ ಕೇಳಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಅರ್ಧ ರೇಟು ಕೊಟ್ಟರೆ ಹೊಟ್ಟೆನೋವೂ ಅರ್ಧ ಬರುತ್ತಾ?" ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಅವಧಿ ಮೀರಿದ ಪದಾರ್ಥ ತಿಂದರೆ ನಿಜವಾಗಿ ಏನಾಗುತ್ತದೆ?

"ಏನೂ ಆಗಲ್ಲ" ಎಂಬ ಮಾತು ಎಷ್ಟು ನಿಜ?

ಹಳೆಯದೆಲ್ಲ ಕೆಟ್ಟದ್ದೆಂದು ನಮ್ಮ ಹಿರಿಯರು ಎಂದೂ ಹೇಳಲಿಲ್ಲ. ಅಕ್ಕಿ ಹಳೆಯದಾದಷ್ಟೂ ಅನ್ನ ಉದುರುದುರಾಗುತ್ತದೆ ಎಂದು ಹಳೆಯ ಅಕ್ಕಿಯನ್ನೇ ಹುಡುಕಿ ತರುತ್ತಿದ್ದರು. ಹಳೆಯ ಹುಣಿಸೆಹಣ್ಣಿಗೆ ಅದರದೇ ಮರ್ಯಾದೆ. ಉಪ್ಪಿನಕಾಯಿಯ ಜಾಡಿ ವರ್ಷಗಟ್ಟಲೆ ಅಟ್ಟದ ಮೇಲೆ ಕುಳಿತಿರುತ್ತಿತ್ತು. ಇವೆಲ್ಲ ಕೆಡದಿರಲು ಕಾರಣ ಸರಳ. ಸೂಕ್ಷ್ಮಜೀವಿಗಳಿಗೆ ಬದುಕಲು ನೀರು ಬೇಕು. ಒಣ ಅಕ್ಕಿಯಲ್ಲಿ ಅದಿಲ್ಲ. ಉಪ್ಪಿನಕಾಯಿಯಲ್ಲಿ ನೀರಿದ್ದರೂ ಉಪ್ಪು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಹುಳಿ ಬೇರೆ ಕಾವಲಿಗಿರುತ್ತದೆ.

ನನ್ನ ಎರಡು ಪೊಟ್ಟಣಗಳಿಗೆ ಬರೋಣ. ಇಡ್ಲಿ ಮಿಕ್ಸ್ ಒಣ ಪದಾರ್ಥ. ಅದರೊಳಗಿನ ಅಡುಗೆ ಸೋಡಾ ಕಾಲ ಕಳೆದಂತೆ, ತೇವ ಸೋಕಿದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಒಗ್ಗರಣೆಯ ಎಣ್ಣೆ, ಗೋಡಂಬಿಯ ಜಿಡ್ಡು ಗಾಳಿಯ ಆಮ್ಲಜನಕದೊಡನೆ ಸೇರಿ ಕಮಟು ಹಿಡಿಯುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಉತ್ಕರ್ಷಣ ಎನ್ನುತ್ತಾರೆ. ಚಿಪ್ಸ್ ಪೊಟ್ಟಣದಲ್ಲಿ ಸಾರಜನಕ ತುಂಬುವುದು ಇದನ್ನು ತಡೆಯಲೆಂದೇ. ಮೂರು ವಾರ ಹಳೆಯ ಮಿಕ್ಸಿನಿಂದ ಇಡ್ಲಿ ಉಬ್ಬದೆ ಬಿಲ್ಲೆಯಂತಾದೀತು, ಬಾಯಿಗೆ ಕಮಟು ಬಡಿದೀತು. ಆಸ್ಪತ್ರೆ ಸೇರುವ ಸಂಭವ ಕಡಿಮೆ.

ಪನೀರಿನ ಕಥೆ ಬೇರೆ. ಅದರಲ್ಲಿ ನೀರೂ ಇದೆ, ಪ್ರೋಟೀನೂ ಇದೆ, ಹೆಚ್ಚು ಹುಳಿಯೂ ಇಲ್ಲ. ಬ್ಯಾಕ್ಟೀರಿಯಗಳಿಗೆ ಮದುವೆ ಊಟ. ಅನುಕೂಲವಾದ ತಾಪದಲ್ಲಿ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಏಳು ಗಂಟೆಯಲ್ಲಿ 21 ಸಲ ದ್ವಿಗುಣ. ಮಕ್ಕಳೇ ಲೆಕ್ಕ ಹಾಕಿದರು: 20,97,152! ಫ್ರಿಜ್ಜಿನ ತಣ್ಣನೆಯಲ್ಲಿ ಈ ಓಟ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯ ಫ್ರಿಜ್ಜಿನಲ್ಲಿಯೂ ಬೆಳೆಯಬಲ್ಲದು.

"ಮೂಸಿ ನೋಡಿದ್ರೆ ಗೊತ್ತಾಗಲ್ವಾ ಸಾರ್?" ಎಂದು ಒಬ್ಬ ಕೇಳಿದ. ಯಾವಾಗಲೂ ಗೊತ್ತಾಗುವುದಿಲ್ಲ. ವಾಸನೆ ಬರಿಸುವ ಜೀವಿಗಳು ಬೇರೆ, ರೋಗ ತರುವ ಜೀವಿಗಳು ಬೇರೆ. ರೋಗ ತರುವವು ಬಣ್ಣ, ವಾಸನೆ, ರುಚಿ ಯಾವುದನ್ನೂ ಬದಲಿಸದೆ ಕುಳಿತಿರಬಹುದು. "ಚೆನ್ನಾಗಿ ಕುದಿಸಿದರೆ?" ಎಂದ ಇನ್ನೊಬ್ಬ. ಕುದಿಸಿದರೆ ಬ್ಯಾಕ್ಟೀರಿಯ ಸಾಯುತ್ತದೆ, ನಿಜ. ಆದರೆ ಸ್ಟಫಿಲೊಕಾಕಸ್‌ನಂಥವು ಮೊದಲೇ ಉಗುಳಿಟ್ಟ ವಿಷ ಕುದಿಸಿದರೂ ನಾಶವಾಗುವುದಿಲ್ಲ. ಕಳ್ಳ ಸತ್ತರೂ ಅವನು ಬಾವಿಗೆ ಹಾಕಿದ ವಿಷ ಬಾವಿಯಲ್ಲೇ ಇರುತ್ತದೆ.

ಇನ್ನೊಂದು ಮಾತು. ತಯಾರಕರು ಆ ತಾರೀಖನ್ನು ಪಂಚಾಂಗ ನೋಡಿ ಹಾಕುವುದಿಲ್ಲ. ಮಾದರಿಗಳನ್ನು ಗೊತ್ತಾದ ತಾಪದಲ್ಲಿಟ್ಟು, ಆಗಾಗ ತೆಗೆದು ಪರೀಕ್ಷಿಸಿ, ಎಷ್ಟು ದಿನ ಸರಿಯಾಗಿರುತ್ತದೆಂದು ಕಂಡುಕೊಳ್ಳುತ್ತಾರೆ. ಅಂದರೆ ತಾರೀಖಿನ ಹಿಂದೆ ಒಂದು ಷರತ್ತು ಇದೆ: ಹೇಳಿದ ತಾಪದಲ್ಲಿಟ್ಟರೆ ಮಾತ್ರ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ರಾತ್ರಿ ಫ್ರಿಜ್ಜಿನ ಸ್ವಿಚ್ಚು ಆರಿಸುವ ಅಂಗಡಿಯಲ್ಲಿ ತಾರೀಖು ಇನ್ನೂ ಬಾಕಿಯಿದ್ದರೂ ಪನೀರ್ ಕೆಟ್ಟಿರಬಹುದು.

ಪೊಟ್ಟಣದ ಮೇಲೆ ಎರಡು ಬಗೆಯ ಮಾತು ಕಾಣಸಿಗುತ್ತದೆ. 'ಬೆಸ್ಟ್ ಬಿಫೋರ್' ಎಂದರೆ ಆ ತಾರೀಖಿನವರೆಗೆ ರುಚಿ, ಗುಣ ಉತ್ತಮವಾಗಿರುತ್ತದೆ. ಆಮೇಲೆ ಗುಣ ಇಳಿಯಬಹುದು, ತಿನ್ನಲು ಯೋಗ್ಯವಾಗಿಯೇ ಇರಲೂಬಹುದು. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಮಾರಕೂಡದು, ತಿನ್ನಕೂಡದು. ಹಿಂದೆ ಅನೇಕ ಪೊಟ್ಟಣಗಳ ಮೇಲೆ 'ತಯಾರಾದ ದಿನದಿಂದ ಇಷ್ಟು ತಿಂಗಳು' ಎಂದಷ್ಟೇ ಇರುತ್ತಿತ್ತು. ಬೆರಳು ಮಡಿಸಿ ಲೆಕ್ಕ ಹಾಕಬೇಕಿತ್ತು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ತಯಾರಿಕೆಯ ಅಥವಾ ಪ್ಯಾಕ್ ಮಾಡಿದ ತಾರೀಖಿನ ಜೊತೆಗೆ ಅವಧಿ ಮುಗಿಯುವ ತಾರೀಖನ್ನೂ ಕಡ್ಡಾಯ ಮಾಡಿದವು. ಮಕ್ಕಳು ಇಷ್ಟನ್ನೂ ಬರೆದುಕೊಂಡರು. ಪಾಠ ಚೆನ್ನಾಗಿ ಆಯಿತೆಂದು ನಾನೂ ಬೀಗಿದೆ.

ಬಾಗಿಲಲ್ಲಿ ನಿಂತ ಹಳೆಯ ವಿದ್ಯಾರ್ಥಿನಿ

ಮುಂದಿನ ವಾರ ಒಂದು ರಾತ್ರಿ ಒಂಬತ್ತೂವರೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದು ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ. ಆರು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಪಿಯುಸಿ ಆದಮೇಲೆ ತಂದೆಗೆ ಕಾಯಿಲೆಯಾಗಿ ಓದು ನಿಂತಿತ್ತು. ಮೈಮೇಲೆ ಸೂಪರ್ ಮಾರ್ಕೆಟ್ಟಿನ ಸಮವಸ್ತ್ರ. ನಾನು ಪನೀರ್ ತಂದ ಅದೇ ಅಂಗಡಿ!

"ಬಾಮ್ಮ, ಒಳಗೆ ಬಾ" ಎಂದೆ. ಹೊಸ್ತಿಲಲ್ಲೇ ನಿಂತಳು.

"ಸಾರ್, ಸ್ಕೂಲ್ ಮಕ್ಕಳನ್ನ ನಮ್ಮ ಅಂಗಡಿಗೆ ಕಳಿಸಿದ್ದು ನೀವಂತೆ?"

"ಹೌದು."

"ಐದು ಪೀಸ್ ಡೇಟ್ ಆಗಿರೋದು ಸಿಕ್ತಲ್ಲ ಸಾರ್, ಅದು ನನ್ನ ಲೈನು. 412 ರೂಪಾಯಿ ನನ್ನ ಸಂಬಳದಲ್ಲಿ ಹಿಡ್ಕೊಂಡ್ರು."

ನನಗೆ ಮಾತೇ ಹೊರಡಲಿಲ್ಲ. ಮನೆಯಾಕೆ ಬಂದು ಅವಳನ್ನು ಕೈಹಿಡಿದು ಒಳಗೆ ಕರೆತಂದು ಕೂರಿಸಿ ಕಾಫಿ ಕೊಟ್ಟಳು. ಆಮೇಲೆ ಅವಳು ಹೇಳಿದ್ದನ್ನು ಕೇಳಿದಾಗ, ತರಗತಿಯಲ್ಲಿ ನಾನು ಮಾಡಿದ ಪಾಠ ಅರ್ಧವೇ ಆಗಿತ್ತು ಎಂದು ತಿಳಿಯಿತು.

ಮಾಲಿನ ಗಾಡಿ ಮಧ್ಯಾಹ್ನ ಬರುತ್ತದೆ. ಅವಳ ಪಾಲಿಗೆ ಆರು ಸಾಲು. ಜೋಡಿಸುವುದಕ್ಕೆ ನಿಯಮ ಒಂದೇ: ಹಳೆಯದು ಮುಂದೆ, ಹೊಸದು ಹಿಂದೆ. ಮೊದಲು ಬಂದದ್ದು ಮೊದಲು ಹೋಗಬೇಕು. ಆದರೆ ಹಾಗೆ ಮಾಡಬೇಕಾದರೆ ಇರುವುದನ್ನೆಲ್ಲ ಕೆಳಗಿಳಿಸಿ, ಹೊಸದನ್ನು ಹಿಂದಕ್ಕಿಟ್ಟು, ಹಳೆಯದನ್ನು ಮತ್ತೆ ಮುಂದೆ ಜೋಡಿಸಬೇಕು. ಸಂಜೆ ಐದಕ್ಕೆ ಗಿರಾಕಿಗಳು ನುಗ್ಗುವುದರೊಳಗೆ ಇಬ್ಬರೇ ಇದನ್ನೆಲ್ಲ ಮುಗಿಸುವುದು ಆಗದ ಮಾತು. ಕೈಗೆ ಸಿಕ್ಕಿದ್ದನ್ನು ಮುಂದೆ ತಳ್ಳಿ ಮುಗಿಸುತ್ತಾರೆ. ಹಳೆಯದು ಹಿಂದೆ ಬೀಳುತ್ತದೆ, ಕತ್ತಲಲ್ಲಿ ಕುಳಿತೇ ಅವಧಿ ಮುಗಿಸುತ್ತದೆ.

"ಸರಿಯಾಗಿ ಜೋಡಿಸಿದ್ರೂ ಗಿರಾಕಿಗಳು ಬಿಡಲ್ಲ ಸಾರ್. ಮುಂದಿರೋದು ಹಳೇದು ಅಂತ ಎಲ್ಲರಿಗೂ ಗೊತ್ತು. ಕೈ ಹಾಕಿ ಹಿಂದಿಂದ ಎಳೀತಾರೆ. ಮುಂದಿನದು ಹಂಗೇ ಉಳಿಯುತ್ತೆ. ಕೆಲವರು ಡೇಟ್ ನೋಡಿ ಬೇಡ ಅಂತ ಎಲ್ಲೋ ಒಂದು ಕಡೆ ತುರುಕಿ ಹೋಗ್ತಾರೆ. ಮೊನ್ನೆ ಸೋಪಿನ ಹಿಂದೆ ಪನೀರ್ ಸಿಕ್ತು ಸಾರ್."

ಹಿಂದಿನಿಂದ ಎಳೆಯಬೇಕೆಂದು ನನ್ನ ಮಗಳಿಗೆ ಕಲಿಸಿದವನು ನಾನೇ. ಅದನ್ನು ಜಾಣತನವೆಂದುಕೊಂಡಿದ್ದೆ. ಅವಧಿ ಮೀರಿದ ಆ ಪೊಟ್ಟಣಗಳಲ್ಲಿ ನನ್ನ ಕೈವಾಡವೂ ಇದೆ ಎಂದು ಆ ರಾತ್ರಿ ಮೊದಲ ಸಲ ಹೊಳೆಯಿತು.

"ಹಾಗಾದರೆ ಯಾರಾದರೂ ತೋರಿಸಿದಾಗ 'ಏನೂ ಆಗಲ್ಲ' ಅಂತೀರಲ್ಲ?" ಎಂದು ಕೇಳಿದೆ.

"ಆಗುತ್ತೆ ಅಂತ ಒಪ್ಕೊಂಡ್ರೆ ದುಡ್ಡು ನಮ್ಮದು ಹೋಗುತ್ತೆ ಸಾರ್."

ಮಕ್ಕಳು ಬರೆದು ತಂದ ಒಂದನೆಯ ಉತ್ತರದ ಅರ್ಥ ಆಗ ತಿಳಿಯಿತು. ತಪ್ಪು ಹೇಳಿದವನಿಗೆ ದಂಡ ಬೀಳುವ ಕಡೆ ತಪ್ಪುಗಳು ಕಡಿಮೆಯಾಗುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತವೆ. ನಮ್ಮ ಪ್ರಯೋಗಶಾಲೆಯಲ್ಲಿಯೂ ಹೀಗೆಯೇ. ಒಡೆದ ಬೀಕರಿಗೆ ಬೈದರೆ ಮುಂದಿನ ಸಲ ಗಾಜಿನ ಚೂರು ಬೆಂಚಿನ ಕೆಳಗೆ ಸಿಗುತ್ತದೆ.

ಮ್ಯಾನೇಜರ ಹತ್ತಿರ

412 ರೂಪಾಯಿ ಕೊಡಲು ಹೋದೆ. ಅವಳು ಮುಟ್ಟಲಿಲ್ಲ. "ದುಡ್ಡಿಗೆ ಬಂದಿಲ್ಲ ಸಾರ್, ನಿಮಗೆ ಗೊತ್ತಿರಲಿ ಅಂತ ಬಂದೆ" ಎಂದಳು. ಅವಳ ಒಪ್ಪಿಗೆ ಕೇಳಿಕೊಂಡು ಮಾರನೆಯ ದಿನ ಬೆಳಗ್ಗೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಮ್ಯಾನೇಜರನ್ನು ಕಾಣಲು ಹೋದೆ. ಮೂವತ್ತೈದರ ಒಳಗಿನ ಯುವಕ. "ಕೂತ್ಕೊಳ್ಳಿ ಮೇಷ್ಟ್ರೇ" ಎಂದು ಕುರ್ಚಿ ಕೊಟ್ಟ. ಜಗಳಕ್ಕೆ ಬಂದಿಲ್ಲವೆಂದು ಮೊದಲೇ ಹೇಳಿದೆ.

"ನಮ್ಮ ಮೇಲೂ ಒತ್ತಡ ಇದೆ ಸಾರ್. ವಿತರಕರಿಗೆ ಅವಧಿ ಮುಗಿಯೋಕೆ ಮುಂಚೆ ತಿಳಿಸಿದ್ರೆ ಮಾತ್ರ ವಾಪಸ್ ತಗೋತಾರೆ. ತಡವಾದ್ರೆ ನಷ್ಟ ನಮ್ಮದೇ" ಎಂದ.

"ಆ ನಷ್ಟವನ್ನು ಹುಡುಗಿಯ ಸಂಬಳಕ್ಕೆ ಹಚ್ಚಿದರೆ, ಅವಳು ಮುಂದೆ ಹಳೆಯ ಪೊಟ್ಟಣ ಕಂಡರೆ ನಿಮಗೆ ಹೇಳುತ್ತಾಳೆಯೇ?" ಎಂದು ಕೇಳಿದೆ. ಅವನು ಸುಮ್ಮನಾದ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 27ನೇ ಕಲಮಿನ ಪ್ರಕಾರ, ಅವಧಿ ಮೀರಿದ ಆಹಾರ ಮಾರಿದರೆ ಹೊಣೆ ಮಾರಾಟಗಾರರದ್ದು ಎಂದೂ ನೆನಪಿಸಿದೆ. ಅಂಗಡಿಯ ಗೋಡೆಯ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ ತೂಗುಹಾಕಿದೆಯಲ್ಲ, ಅದು ಅಂಗಡಿಯದು. ಸಾಮಾನು ಜೋಡಿಸುವ ಹುಡುಗಿಯದಲ್ಲ.

"ನೋಡೋಣ ಸಾರ್" ಎಂದ. ಸರ್ಕಾರಿ ಕಚೇರಿಯಲ್ಲಿ ಈ ಮಾತು ಕೇಳಿ ಅಭ್ಯಾಸವಿರುವ ನಾನು ಹೆಚ್ಚು ಆಸೆ ಇಟ್ಟುಕೊಳ್ಳದೆ ಎದ್ದು ಬಂದೆ. ಆದರೆ ಹತ್ತು ದಿನ ಕಳೆದ ಮೇಲೆ ಹೋದಾಗ ಒಂದು ಬದಲಾವಣೆ ಕಂಡಿತು. ಮಂಗಳವಾರ ಬೆಳಗ್ಗೆ ಬಾಗಿಲು ತೆಗೆಯುವ ಮೊದಲು ಅರ್ಧ ಗಂಟೆ ಎಲ್ಲರೂ ತಾರೀಖು ನೋಡುತ್ತಾರಂತೆ. ಹದಿನೈದು ದಿನದೊಳಗೆ ಅವಧಿ ಮುಗಿಯುವ ಸಾಮಾನುಗಳಿಗೆ ಬಿಲ್ ಕೌಂಟರಿನ ಪಕ್ಕ ಒಂದು ಬುಟ್ಟಿ ಇಟ್ಟಿದ್ದಾರೆ. ಬೆಲೆ ಕಡಿಮೆ, ತಾರೀಖು ದೊಡ್ಡ ಅಕ್ಷರದಲ್ಲಿ. ಇದು ಸರಿಯಾದ ರಿಯಾಯಿತಿ. ಅವಧಿಗೆ ಮುಂಚೆ ಕೊಡುವುದು ವ್ಯಾಪಾರ. ಅವಧಿ ಮೀರಿದ ಮೇಲೆ ಕೊಡುವುದು ಮೋಸ.

ಹುಡುಗಿಯ 412 ರೂಪಾಯಿ ಮಾತ್ರ ಇನ್ನೂ ಬಂದಿಲ್ಲ. ಪ್ರತಿ ಭಾನುವಾರ ಚೀಲ ಹಿಡಿದು ಹೋದಾಗ ಮ್ಯಾನೇಜರನ್ನು ಅದರ ಬಗ್ಗೆ ಕೇಳುತ್ತೇನೆ. ಅವನು ನನ್ನನ್ನು ಕಂಡರೆ ಈಗ ಗೋದಾಮಿನ ಕಡೆ ನಡೆಯುತ್ತಾನೆ. ಇರಲಿ, ಭಾನುವಾರಗಳು ಇನ್ನೂ ಇವೆ.

ಏನು ಮಾಡಬೇಕು?

ವಿದ್ಯಾರ್ಥಿಗಳೇ, ಅವಧಿ ಮೀರಿದ ಪೊಟ್ಟಣ ಸಿಕ್ಕಿದರೆ ಅದನ್ನು ಮತ್ತೆ ಶೆಲ್ಫಿನಲ್ಲಿ ಇಡಬೇಡಿ. ಜೋಡಿಸುವ ಅಣ್ಣ-ಅಕ್ಕಂದಿರ ಮೇಲೆ ರೇಗಬೇಡಿ. ದೊಡ್ಡವರನ್ನು ಜೊತೆಗೆ ಕರೆದುಕೊಂಡು ನೇರವಾಗಿ ಅಂಗಡಿಯ ಉಸ್ತುವಾರಿಯವರ ಕೈಗೆ ಪೊಟ್ಟಣ ಕೊಡಿ. "ಇದನ್ನು ತೆಗೆದಿಡಿ" ಎಂದು ಮರ್ಯಾದೆಯಿಂದ ಹೇಳಿ, ತೆಗೆದಿಡುವವರೆಗೆ ನಿಂತಿರಿ. ಎರಡು ನಿಮಿಷದ ಕೆಲಸ. ನಾನು ಆ ಭಾನುವಾರ ಮಾಡದೆ ಬಂದದ್ದು ಇದನ್ನೇ.

ತಂದೆ-ತಾಯಿಯರೇ, ಗೊತ್ತಿಲ್ಲದೆ ಕೊಂಡು ತಂದಿದ್ದರೆ ಬಿಲ್ಲನ್ನೂ ಪೊಟ್ಟಣವನ್ನೂ ಎಸೆಯಬೇಡಿ. ತಾರೀಖು, ಬ್ಯಾಚ್ ಸಂಖ್ಯೆ ಕಾಣುವಂತೆ ಚಿತ್ರ ತೆಗೆದಿಡಿ. ಬಿಲ್ಲಿಲ್ಲದಿದ್ದರೆ ಎಲ್ಲಿ ಕೊಂಡದ್ದೆಂದು ತೋರಿಸುವುದೇ ಕಷ್ಟ. ಅಂಗಡಿಯವರು ಬದಲಿಸಿಕೊಡದೆ ಹಠ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೂ ದೂರು ಕೊಡಬಹುದು. ಮಾತು ಅಲ್ಲಿಗೂ ನಿಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ.

ಇನ್ನೊಂದು ಸಣ್ಣ ಬೇಡಿಕೆ. ಇವತ್ತು ಸಂಜೆಯೇ ಕುಡಿಯುವ ಮಜ್ಜಿಗೆಗೆ, ನಾಳೆಯೇ ತಿಂದು ಮುಗಿಸುವ ಬ್ರೆಡ್ಡಿಗೆ ಹಿಂದಿನ ಸಾಲಿಗೆ ಕೈ ಹಾಕಬೇಡಿ. ತಾರೀಖು ನೋಡಿ, ಅವಧಿಯೊಳಗಿದ್ದರೆ ಮುಂದಿರುವುದನ್ನೇ ತೆಗೆದುಕೊಳ್ಳಿ.

ಈ ವಾರದ ಲೇಖನವನ್ನು ಓದಿ ನೋಡೆಂದು ಮನೆಯಾಕೆಗೆ ಕೊಟ್ಟೆ. ಪೂರ್ತಿ ಓದಿ, ಏನೂ ಹೇಳದೆ ಅಡುಗೆ ಮನೆಗೆ ಹೋಗಿ, ಮೇಲಿನ ಕಪಾಟಿನ ಹಿಂದಿನಿಂದ ಒಂದು ಡಬ್ಬಿ ತಂದು ನನ್ನ ಮುಂದಿಟ್ಟಳು. ಕಸ್ಟರ್ಡ್ ಪುಡಿ. ರಿಯಾಯಿತಿ ಇದೆಯೆಂದು ಎರಡು ಡಬ್ಬಿ ತಂದವನು ನಾನೇ. ಅವಧಿ ಮುಗಿದದ್ದು 2022ರಲ್ಲಿ.

ಮಕ್ಕಳೇ, ಈ ಭಾನುವಾರದ ಪ್ರಯೋಗಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ. ಅಮ್ಮನ ಒಪ್ಪಿಗೆ ಪಡೆದು, ಸ್ಟೂಲು ಭದ್ರವಾಗಿದೆಯೇ ಎಂದು ನೋಡಿಕೊಂಡು, ನಿಮ್ಮ ಮನೆಯ ಅಡುಗೆ ಕಪಾಟಿನ ಹಿಂದಿನ ಸಾಲಿಗೆ ಕೈ ಹಾಕಿ. ಸಿಕ್ಕಿದ್ದನ್ನು ಪಟ್ಟಿ ಮಾಡಿ. ಯಾರು ತಂದರು ಎಂದು ಮಾತ್ರ ಕೇಳಬೇಡಿ.